ಸದ್ದಿಲ್ಲದ ಊರಿನ ಗಿರಣಿ

ಪ್ರವಾಸ ಕಚೇರಿ, ಮೂರನೇ ಮಹಡಿ (ಲಿಫ್ಟ್ ಕೆಟ್ಟಿದೆ)
ಜನವರಿ ೮

ಭಾವನವರ ಪಾದಕ್ಕೂ ಅಕ್ಕನ ಕೋಪಕ್ಕೂ ಸೇರಿಸಿ ಒಂದೇ ನಮಸ್ಕಾರ.

ಕಾಗದ ನೋಡಿ ಗಾಬರಿಯಾಗಬೇಡಿ, ಯಾರಿಗೂ ಏನೂ ಆಗಿಲ್ಲ. ಫೋನ್ ಮಾಡಿದರೆ ಸಿಗ್ನಲ್ಲಿಗಾಗಿ ನೀವು ನೀರಿನ ಟ್ಯಾಂಕ್ ಹತ್ತಬೇಕು, ಟ್ಯಾಂಕಿನ ಮೇಲೆ ನಿಂತು ಆಡಿದ ಮಾತು ಊರಿಗೆಲ್ಲ ಪ್ರಕಟಣೆ. ಕಳೆದ ಸಲ ನನ್ನ ಮೂಲವ್ಯಾಧಿಯ ಸುದ್ದಿ ಹಾಗೇ ಮನೆಮಾತಾಯಿತು. ಅದಕ್ಕೇ ಈ ಅಂಚೆಯ ದಾರಿ.

ವಿಷಯ ಇಷ್ಟೇ. ಪೇಟೆಯ ಜನ ಹಳ್ಳಿಗೆ ಬಂದು, ಎರಡು ದಿನ ಇದ್ದು, ಉಂಡು, ಮಲಗಿ ಹೋಗುವ ಯೋಜನೆಯೊಂದು ನಮ್ಮ ಕಚೇರಿಯಲ್ಲಿ ಹುಟ್ಟಿದೆ. ಮನೆಯಲ್ಲಿ ಒಂದು ಕೋಣೆ ಖಾಲಿ ಇದ್ದವರು ಬಾಡಿಗೆಗೆ ಕೊಡಬಹುದು. ಮೊದಲ ಊರಾಗಿ ನಿಮ್ಮೂರೇ ಆಯ್ಕೆಯಾಗಿದೆ. ಇದರಲ್ಲಿ ನನ್ನ ಕೈವಾಡ ಏನೂ ಇಲ್ಲ, ನಾನು ಬರೀ ಗುಮಾಸ್ತ. ಊರುಗಳ ಪಟ್ಟಿಯಲ್ಲಿ ನಿಮ್ಮೂರು ಕಟ್ಟಕಡೆಗಿತ್ತು. ಯಾರೋ ಪಟ್ಟಿಯನ್ನು ಬುಡಮೇಲಾಗಿ ಟೈಪ್ ಮಾಡಿಬಿಟ್ಟಿದ್ದರು, ಸಾಹೇಬರು ಮೊದಲ ಹೆಸರಿಗೇ ಗುರುತು ಹಾಕಿದರು.

ಊರಿಗೆ ಜನ, ಜನಕ್ಕೆ ಊಟ, ಊಟಕ್ಕೆ ಹಿಟ್ಟು. ಯೋಚನೆ ಮಾಡಿ, ಅನುಮಾನ ಬಿಟ್ಟು.

ಗಿರಣಿ ಹೇಗಿದೆ?

ನಿಮ್ಮ ಭಾಮೈದ


ಗಿರಣಿ
ಜನವರಿ ೧೯

ಭಾಮೈದನಿಗೆ ಆಶೀರ್ವಾದ. ಮೂಲವ್ಯಾಧಿ ಹೇಗಿದೆ ಅಂತ ಊರೆಲ್ಲ ಕೇಳುತ್ತಿದೆ.

ಗಿರಣಿಗೇನು, ಬೊಂಬಾಟಾಗಿದೆ. ದಿನಾ ಬೆಳಿಗ್ಗೆ ಎಂಜಿನ್ನು ಶುರು ಮಾಡುತ್ತೇನೆ. ಹೊಗೆ ಕೊಳವೆಯ ಬಾಯಿಗೆ ನಮ್ಮಪ್ಪ ಕವುಚಿದ ತಗಡಿನ ಡಬ್ಬಿ ಇನ್ನೂ ಕುಕ್ ಕುಕ್ ಅಂತ ಕೂಗುತ್ತೆ. ಆ ಕೂಗು ಕೇಳಿದರೆ ಗಿರಣಿ ತೆರೆದಿದೆ ಅಂತ ಗುಡ್ಡದಾಚೆಗೂ ಗೊತ್ತಾಗುತ್ತೆ. ಪಕ್ಕದೂರಿನ ಗಿರಣಿಯವನು ಕರೆಂಟಿನ ಮೋಟಾರು ಹಾಕಿಸಿದ್ದಾನಂತೆ. ಅದು ಗುಂಯ್ ಅನ್ನುತ್ತಂತೆ. ಗುಂಯ್ ಅನ್ನೋದು ಸೊಳ್ಳೆ, ಗಿರಣಿಯಲ್ಲ.

ನಿನ್ನ ಯೋಜನೆ ನನಗೆ ಒಪ್ಪಿಗೆ. ಊರಲ್ಲಿ ಈಗ ಬಾಗಿಲಿಗಿಂತ ಬೀಗವೇ ಜಾಸ್ತಿ. ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕರೆಯೋದನ್ನೇ ಬಿಟ್ಟಿದ್ದಾರೆ. ಐದು ಮಕ್ಕಳನ್ನು ಕರೆಯೋದೇನು, ಒಂದು ಸಲ ಕಣ್ಣಾಡಿಸಿದರೆ ಸಾಕು. ಉದ್ದನೆ ಬಡಗಿಗೆ ಮಾತ್ರ ನಂಬಿಕೆ ಬರಲಿಲ್ಲ. "ಪೇಟೆಯವರು ದುಡ್ಡು ಕೊಟ್ಟು ಇಲ್ಲಿ ಮಲಗ್ತಾರಾ? ನಮ್ಮ ಮಕ್ಕಳೇ ಬಿಟ್ಟಿ ಮಲಗೋಕೆ ಒಪ್ಪದೆ ಹೋದರಲ್ಲ" ಅಂದ. ನಾನು, "ಹೋದವರು ವಾಪಸ್ ಬರಬೇಕಾದರೆ ಮೊದಲು ಹೊರಗಿನವರು ಬರಲಿ, ಬಿಡು" ಅಂದೆ.

ನಿನ್ನ ಭಾವ

(ಹಿಂಬದಿಯಲ್ಲಿ, ಪೆನ್ಸಿಲಿನಲ್ಲಿ)

ತಮ್ಮಾ, ಅಂಚೆಗೆ ಹಾಕು ಅಂತ ನನ್ನ ಕೈಗೆ ಕೊಟ್ಟರು, ಅದಕ್ಕೆ ಬರೀತಿದೀನಿ. ಗಿರಣಿ ಖಾಲಿ ಓಡ್ತಿದೆ. ಎಲ್ಲರೂ ಪೇಟೆಯಿಂದ ಪ್ಯಾಕೆಟ್ ಹಿಟ್ಟು ತರಿಸ್ತಾರೆ, ಇರೋ ನಾಲ್ಕು ಮನೆಗೆ ಎಷ್ಟು ಬೇಕು. ಊರು ಸತ್ತಿಲ್ಲ ಅಂತ ಊರಿಗೆ ಗೊತ್ತಾಗಲಿ ಅಂತ ದಿನಾ ಅರ್ಧ ಗಂಟೆ ಡೀಸೆಲ್ ಸುಡ್ತಾರೆ. ಖಾಲಿ ಕಲ್ಲಿನ ಸದ್ದೇ ಬೇರೆ, ಕಿವಿ ಇದ್ದವರಿಗೆಲ್ಲ ಗೊತ್ತು, ಯಾರೂ ಬಾಯಿ ಬಿಡಲ್ಲ. ಗುಜರಿಯವನು ಬಂದು ಎಂಜಿನ್ನು ತಟ್ಟಿ ನೋಡಿ ಹೋದ. ಆಗಸ್ಟಿನೊಳಗೆ ಗಿರಣಿಗೆ ಕಾಳು ಬರದಿದ್ದರೆ ಅವನಿಗೆ ಕೊಟ್ಟುಬಿಟ್ಟು, ಪೇಟೆಯಲ್ಲಿ ಯಾರದಾದರೂ ಗೇಟಿನ ಮುಂದೆ ಕಾವಲಿಗೆ ಕುರ್ಚಿ ಹಾಕಿಕೊಂಡು ಕೂರ್ತೀನಿ ಅಂತಾರೆ ನಿನ್ನ ಭಾವ. ಆ ಮನುಷ್ಯನಿಗೆ ಊಟಕ್ಕೂ ನೆಟ್ಟಗೆ ಕೂರೋಕೆ ಬರಲ್ಲ. ನಾನು ಹೇಳಿದೆ ಅಂತ ಹೇಳಬೇಡ.


ಪ್ರವಾಸ ಕಚೇರಿ
ಫೆಬ್ರವರಿ ೪

ಭಾವನವರಿಗೆ ನಮಸ್ಕಾರ.

ಗಿರಣಿ ಬೊಂಬಾಟಾಗಿರುವುದು ಓದಿ ಬಹಳ ಸಂತೋಷವಾಯಿತು. ಆದರೂ ಡೀಸೆಲ್ ತುಟ್ಟಿ, ಹಿತಮಿತವಾಗಿ ಓಡಿಸಿ. ಗುಜರಿಯವರನ್ನು ಯಾವ ಕಾರಣಕ್ಕೂ ಊರೊಳಗೆ ಬಿಡಬೇಡಿ, ಅವರು ತಕ್ಕಡಿಯಲ್ಲಿ ಮೋಸ ಮಾಡುತ್ತಾರೆಂದು ಪತ್ರಿಕೆಯಲ್ಲಿ ಬಂದಿತ್ತು. ಸುಮ್ಮನೆ ನೆನಪಾಯಿತು, ಬರೆದೆ.

ಇದರೊಂದಿಗೆ ನಿಮ್ಮೂರಿನ ಬಣ್ಣದ ಕೈಪಿಡಿ ಇಟ್ಟಿದ್ದೇನೆ. ನಿಮ್ಮ ಕಾಗದ ಬರುವ ಮೊದಲೇ ಮೂರು ಸಾವಿರ ಪ್ರತಿ ಅಚ್ಚಾಗಿ ಬಂದಿತ್ತು. ಮೇಲಿನ ಸಾಲು ನೋಡಿ:

"ಸದ್ದಿಲ್ಲದ ಊರು. ಗದ್ದಲವಿಲ್ಲ, ಗಡಿಬಿಡಿಯಿಲ್ಲ, ನಿದ್ದೆಗಿಲ್ಲಿ ಬಡತನವಿಲ್ಲ."

ಬರೆದವರು ಯಾರೋ ನನಗೆ ಗೊತ್ತಿಲ್ಲ. ಆದರೆ ಪ್ರಾಸ ಎಷ್ಟು ಸಲೀಸಾಗಿ ಕೂತಿದೆ ನೋಡಿ. ಕಚೇರಿಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದಾರೆ. ಜವಾನ ಅದನ್ನು ಹೇಳಿಕೊಂಡೇ ನಿದ್ದೆ ಮಾಡುತ್ತಾನೆ.

ಕೊನೆಯ ಪುಟದಲ್ಲಿ ಕೆಲವು ನಿಯಮಗಳಿವೆ. ಅತಿಥಿಗಳು ಇರುವಾಗ ಊರಲ್ಲಿ ಧ್ವನಿವರ್ಧಕ, ಯಂತ್ರ, ಅನಗತ್ಯ ಪ್ರಾಣಿಧ್ವನಿ ಇತ್ಯಾದಿ ಇರಕೂಡದು. ಎಲ್ಲ ಕಡೆ ಹಾಕುವ ಮಾಮೂಲಿ ಮಾತು, ಅಷ್ಟೇನೂ ತಲೆಗೆ ಹಚ್ಚಿಕೊಳ್ಳಬೇಡಿ.

ನಿಮ್ಮ ಭಾಮೈದ


ಗಿರಣಿ
ಫೆಬ್ರವರಿ ೧೫

ಭಾಮೈದನಿಗೆ,

ಕೈಪಿಡಿ ಓದಿದೆ. ಇದನ್ನು ಬರೆದ ಕತ್ತೆ ಯಾವುದು?

ಯಂತ್ರ ಇರಕೂಡದಂತೆ. ಊರಲ್ಲಿರೋ ಯಂತ್ರ ಒಂದೇ, ಅದು ನನ್ನದು. ಪ್ರಾಸಕ್ಕಾಗಿ ಒಬ್ಬನ ಹೊಟ್ಟೆ ಮೇಲೆ ಹೊಡೀಬಹುದಾ? ಆ ಕತ್ತೆ ಈ ಊರಿಗೆ ಬಂದಿದ್ದಾನಾ, ಇಲ್ಲ ನಕ್ಷೆ ನೋಡಿ ಸದ್ದಿಲ್ಲ ಅಂದನಾ? ನಕ್ಷೆ ಯಾವತ್ತೂ ಸದ್ದು ಮಾಡಲ್ಲ.

ಶಾಲೆಯಲ್ಲಿ ಸಭೆ ಸೇರಿದೆವು. ನಮ್ಮ ಜನ ಗೊತ್ತಲ್ಲ, ಒಂದು ಹೇಳಿದರೆ ಹತ್ತು ಮಾಡ್ತಾರೆ. ಹುಂಜಗಳನ್ನೆಲ್ಲ ಪಕ್ಕದೂರಿಗೆ ದತ್ತು ಕೊಟ್ಟಾಯಿತು. ಮಗ್ಗಿಯನ್ನು ಪಿಸುಮಾತಿನಲ್ಲಿ ಹೇಳಿಸ್ತೀನಿ ಅಂತ ಮೇಷ್ಟ್ರು ಒಪ್ಪಿದರು. ಈಗ ಎರಡೆರಡ್ಲಿ ನಾಲ್ಕು ಅನ್ನೋದು ಚಾಡಿ ಹೇಳಿದ ಹಾಗೆ ಕೇಳಿಸುತ್ತೆ. ಬಡಗಿ ಸುತ್ತಿಗೆಗೆ ಹಳೇ ಟೈರು ಸುತ್ತಿದ್ದಾನೆ. ಮೊಳೆ ಒಳಗೆ ಹೋಗ್ತಿಲ್ಲ, ಆದರೆ ಸದ್ದೂ ಇಲ್ಲ. ಕೊನೆಗೆ ಎಲ್ಲರೂ ನನ್ನ ಮುಖ ನೋಡಿದರು. ಅತಿಥಿಗಳು ಇರುವಾಗ ಗಿರಣಿ ಓಡಿಸಲ್ಲ ಅಂತ ಮಾತು ಕೊಟ್ಟೆ. ನಿನ್ನ ಕಚೇರಿ, ನಿನ್ನ ಮರ್ಯಾದೆ. ವಾರಕ್ಕೆ ಎರಡು ದಿನ ತಾನೆ, ನುಂಗಿಕೊಳ್ತೀನಿ.

ಆ ಕತ್ತೆಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಭಾವ


ಪ್ರವಾಸ ಕಚೇರಿ
ಮಾರ್ಚ್ ೧

ಭಾವನವರಿಗೆ ನಮಸ್ಕಾರ.

ನೀವು ದೊಡ್ಡವರು, ನೀವು ಅಂದದ್ದಕ್ಕೆ ನಾನು ಎದುರಾಡುವುದಿಲ್ಲ. ಆದರೆ ಬರೆದವರು ಯಾರೇ ಆಗಿರಲಿ, ಒಳ್ಳೆಯ ಉದ್ದೇಶದಿಂದಲೇ ಬರೆದಿರುತ್ತಾರೆ ಎಂದು ಹೇಳಬಯಸುತ್ತೇನೆ. 'ಸದ್ದಿಲ್ಲ', 'ಗದ್ದಲವಿಲ್ಲ', 'ನಿದ್ದೆಗಿಲ್ಲಿ': ಈ ಮೂರನ್ನು ಒಂದೇ ದಾರದಲ್ಲಿ ಪೋಣಿಸುವುದು ಎಲ್ಲರಿಗೂ ಆಗುವ ಕೆಲಸವಲ್ಲ. ಅಂಥವರನ್ನು ಕತ್ತೆ ಎನ್ನುವುದು ಕಲೆಗೆ ಮಾಡುವ ಅವಮಾನ. ನನಗೇನೂ ಬೇಸರವಿಲ್ಲ, ನ್ಯಾಯದ ಮಾತು ಹೇಳಿದೆ ಅಷ್ಟೆ.

ಮೊದಲ ಅತಿಥಿಗಳು ಈ ಶನಿವಾರ ಬರುತ್ತಾರೆ.

ನಿಮ್ಮ ಭಾಮೈದ


ಗಿರಣಿ
ಏಪ್ರಿಲ್ ೭

ಭಾಮೈದನಿಗೆ ಆಶೀರ್ವಾದ.

ಉತ್ತರ ತಡವಾಯಿತು. ನಿನ್ನ ಅತಿಥಿಗಳು ಬಂದರು. ಒಂದು ವಾರವಲ್ಲ, ಎಲ್ಲ ವಾರವೂ ಬಂದರು. ಮೊದಲು ಬಂದ ಗಂಡ ಹೆಂಡತಿಗೆ ನಿಶ್ಶಬ್ದದಲ್ಲಿ ನಿದ್ದೆಯೇ ಹತ್ತಲಿಲ್ಲವಂತೆ. ಫೋನಿನಲ್ಲಿ ಟ್ರಾಫಿಕ್ಕಿನ ಸದ್ದು ಹಾಕಿಕೊಂಡು ಮಲಗಿದರು. ಬೆಳಿಗ್ಗೆ ಎದ್ದು, "ಇಂಥ ಶಾಂತಿ ಎಲ್ಲೂ ನೋಡಿಲ್ಲ" ಅಂದರು.

ಬಡಗಿಯ ಮಗಳು, ಅಳಿಯ, ಎರಡು ಮಕ್ಕಳು ಪೇಟೆಯ ಬಾಡಿಗೆ ಮನೆ ಬಿಟ್ಟು ಬಂದರು. ಎರಡು ಕೋಣೆ ನೋಡಿಕೊಳ್ತಾರೆ, ಅಡಿಗೆ ಮಾಡ್ತಾರೆ. ಅವರನ್ನು ನೋಡಿ ಮೇಲಿನ ಬೀದಿಯ ಅಣ್ಣತಮ್ಮಂದಿರು ಬಂದರು. ಬೀಗ ತೆಗೆಯೋಕೆ ಕೀಲಿ ಸಿಗದೆ ಬಡಗಿಯೇ ಬಾಗಿಲು ಕಿತ್ತ, ಟೈರಿಲ್ಲದ ಸುತ್ತಿಗೆಯಲ್ಲಿ. ಮೇಷ್ಟ್ರು ಮತ್ತೆ ಹಾಜರಿ ಕರೀತಿದ್ದಾರೆ, ಮೆಲ್ಲಗೆ. ನಾನು ಅಂದುಕೊಂಡ ಹಾಗೇ ಆಯಿತು. ಪರವೂರಿನವರು ಬಂದರು, ನಮ್ಮೂರಿನವರೂ ಬಂದರು.

ಗಿರಣಿ ಚೆನ್ನಾಗಿದೆ. ಕಳೆದ ವಾರ ಒಂದು ಕೆಲಸದ ಮೇಲೆ ಪಕ್ಕದೂರಿಗೆ ಹೋಗಿದ್ದೆ. ದತ್ತು ಕೊಟ್ಟ ಹುಂಜಗಳು ಆರಾಮಾಗಿವೆ.

ನಿನ್ನ ಭಾವ

(ಪೆನ್ಸಿಲಿನಲ್ಲಿ)

ಕೆಲಸ ಏನು ಅಂತ ನಾನು ಹೇಳ್ತೀನಿ. ಈಗ ಅತಿಥಿಗಳು ಶನಿವಾರ ಭಾನುವಾರ ಅಂತ ನೋಡಲ್ಲ, ಎಲ್ಲ ದಿನವೂ ಯಾರಾದರೂ ಇದ್ದೇ ಇರ್ತಾರೆ. ಅಂದ್ರೆ ಗಿರಣಿ ಎಲ್ಲ ದಿನವೂ ಬಂದ್. ಪ್ಯಾಕೆಟ್ ಹಿಟ್ಟಿನ ರೊಟ್ಟಿ ಒಬ್ಬರೂ ಎರಡನೇ ಸಲ ಕೇಳಲಿಲ್ಲ, ಅದಕ್ಕೆ ಎಲ್ಲ ಮನೆಯವರೂ ಕಾಳು ಕೊಂಡು ಬೀಸಿಸ್ತಿದ್ದಾರೆ. ಎಲ್ಲಿ? ಪಕ್ಕದೂರಿನ ಸೊಳ್ಳೆ ಗಿರಣಿಯಲ್ಲಿ. ನಮ್ಮ ಮನೆಗೂ ಹಿಟ್ಟು ಮುಗಿದಿತ್ತು. ನಿನ್ನ ಭಾವ ಸೈಕಲ್ಲಿಗೆ ಚೀಲ ಕಟ್ಟಿಕೊಂಡು, ತಲೆ ಮೇಲೆ ಟವೆಲ್ಲು ಎಳೆದುಕೊಂಡು ಹೋದರು. ಸರತಿಯಲ್ಲಿ ನಿಂತಿದ್ದ ಇವರನ್ನು ಆ ಗಿರಣಿಯವನು ಗುರುತು ಹಿಡಿದು, "ಅಣ್ಣಾ, ನುಣ್ಣಗೆ ಬೀಸಲಾ, ತರಿ ಬೀಸಲಾ?" ಅಂತ ಕೇಳಿದನಂತೆ. ಮನೆಗೆ ಬಂದು ಉಣ್ಣದೆ ಮಲಗಿದರು.

ಕಾಳು ಬರಲಿ ಅಂತ ಕಾದ್ವಿ. ಕಾಳು ಬಂತು, ನಮ್ಮ ಬಾಗಿಲ ಮುಂದೇ ಹಾದು ಹೋಗ್ತಿದೆ. ಗುಜರಿಯವನು ಮತ್ತೆ ಬಂದಿದ್ದ, ಈ ಸಲ ತಕ್ಕಡಿ ತಂದಿದ್ದ. ನೀನು ಏನಾದರೂ ಮಾಡು.


ಪ್ರವಾಸ ಕಚೇರಿ
ಏಪ್ರಿಲ್ ೨೨

ಭಾವನವರಿಗೆ ನಮಸ್ಕಾರ.

ಊರು ತುಂಬುತ್ತಿರುವುದು ತಿಳಿದು ಹಿಗ್ಗಿದೆ. ಹುಂಜಗಳ ಆರೋಗ್ಯದ ಬಗ್ಗೆಯೂ.

ಗಿರಣಿಗೆ ದಿನಕ್ಕೆ ಇಷ್ಟು ಹೊತ್ತು ಎಂದು ವಿನಾಯಿತಿ ಸಿಗಬಹುದೇ ಎಂದು ಸಾಹೇಬರನ್ನು ಕೇಳಲು ಮೂರು ಸಲ ಅವರ ಕೋಣೆಗೆ ಹೋದೆ. ಮೊದಲ ಸಲ ಅವರು ಫೋನಿನಲ್ಲಿದ್ದರು. ಎರಡನೇ ಸಲ ಊಟದಲ್ಲಿದ್ದರು. ಮೂರನೇ ಸಲ ಸುಮ್ಮನೆ ಕೂತಿದ್ದರು, ಅದು ಇನ್ನೂ ಕಷ್ಟ. "ಏನಯ್ಯಾ?" ಅಂದರು. "ಫ್ಯಾನ್ ಜೋರಾಗಿದೆಯಾ ಸಾರ್?" ಎಂದು ಕೇಳಿ ಬಂದೆ.

ಮೇ ೧೦ಕ್ಕೆ ಅವರೇ ನಿಮ್ಮೂರಿಗೆ ಬಂದು ಒಂದು ದಿನ ಇರುತ್ತಾರೆ. ಅವರಿಗೆ ಮೆಚ್ಚುಗೆಯಾದರೆ ಯೋಜನೆ ಮುಂದುವರಿಯುತ್ತದೆ, ಇಲ್ಲದಿದ್ದರೆ ಇಲ್ಲಿಗೇ ಸಮಾಪ್ತಿ. ಕೈಪಿಡಿಯ ಮೊದಲ ಸಾಲಿಗೇ ಅವರು ಮರುಳಾಗಿದ್ದಾರೆ. ಆ ಒಂದು ದಿನ ದಯವಿಟ್ಟು ಸೂಜಿ ಬಿದ್ದರೂ ಎತ್ತಿಕೊಳ್ಳಿ. ಅವರು ಹೊರಟ ಮೇಲೆ ಗಿರಣಿಯ ವಿಚಾರ ನಾನೇ ಎತ್ತುತ್ತೇನೆ. ಇದು ಭಾಷೆ.

ನಿಮ್ಮ ಭಾಮೈದ


ಗಿರಣಿ
ಮೇ ೧೨

ಭಾಮೈದನಿಗೆ,

ನಡೆದದ್ದನ್ನು ನಡೆದ ಹಾಗೇ ಬರೀತೀನಿ, ಸಾಹೇಬರ ಬಾಯಲ್ಲಿ ಕೇಳೋಕೆ ಮೊದಲು ಓದಿಕೋ.

ನಿನ್ನ ಸಾಹೇಬರು ಬಂದರು. ಹಿಂದೆ ಅವರ ಮನೆಯವರು, ಮನೆಯವರ ಹಿಂದೆ ನೆಂಟರು. ಅವತ್ತು ಊರಲ್ಲಿ ಒಂದು ಕೋಣೆಯೂ ಖಾಲಿ ಇರಲಿಲ್ಲ. ಮಧ್ಯಾಹ್ನ ಕಳೆದ ಮೇಲೆ ಪಕ್ಕದೂರಿಂದ ಸುದ್ದಿ ಬಂತು. ಸೊಳ್ಳೆ ಗಿರಣಿಯ ಮೋಟಾರು ಸುಟ್ಟಿದೆ, ನಮ್ಮೂರ ಕಾಳೆಲ್ಲ ಬೀಸದೆ ವಾಪಸ್ ಬರ್ತಿದೆ. ಎಲ್ಲರ ಮನೆ ಹಿಟ್ಟಿನ ಡಬ್ಬವೂ ಖಾಲಿ. ಹೆಂಗಸರೆಲ್ಲ ಚೀಲ ತಂದು ನಮ್ಮ ಬಾಗಿಲಲ್ಲಿ ಇಳಿಸಿದರು.

"ಶುರು ಮಾಡಿ" ಅಂದಳು ನಿನ್ನ ಅಕ್ಕ.

"ನಿನ್ನ ತಮ್ಮನಿಗೆ ಮಾತು ಕೊಟ್ಟಿದ್ದೀನಿ" ಅಂದೆ.

"ನೀವು ಕೊಟ್ಟಿದ್ದೀರಿ. ನಾನು ಕೊಟ್ಟಿಲ್ಲವಲ್ಲ."

ಸೆರಗು ಸಿಕ್ಕಿಸಿ ಒಳಗೆ ಹೋದಳು. ಹ್ಯಾಂಡಲ್ ಒಬ್ಬಳ ಕೈಲಿ ತಿರುಗಲಿಲ್ಲ, ಬಡಗಿಯ ಮಗಳೂ ಕೈ ಹಾಕಿದಳು. ನಾನು ಮಾತು ಉಳಿಸಿಕೊಳ್ಳಬೇಕಲ್ಲ, ಹೊರಗೆ ಜಗಲಿ ಮೇಲೆ ಗಿರಣಿಗೆ ಬೆನ್ನು ಹಾಕಿ ಕೂತೆ. ಎಂಜಿನ್ನು ಹತ್ತಿಕೊಂಡಿತು. ಎರಡು ತಿಂಗಳಿಂದ ಬಾಯಿ ಕಟ್ಟಿದ್ದ ಡಬ್ಬಿ, ಸಾಲ ತೀರಿಸಿದ ಹಾಗೆ ಕೂಗಿತು. ಆಗಲೂ ನಾನು ಏಳಲಿಲ್ಲ. ಆದರೆ ನಿನ್ನ ಅಕ್ಕ ಕಲ್ಲನ್ನು ತೀರಾ ಬಿಗಿ ಮಾಡಿದ್ದಳು, ಹಿಟ್ಟು ಸೀಯೋ ವಾಸನೆ ಬಂತು. ಮಾತಿಗೆ ತಪ್ಪಿದರೆ ಜನ ನಾಲ್ಕು ದಿನ ಆಡಿಕೊಳ್ತಾರೆ, ಸೀದ ಹಿಟ್ಟು ಕೊಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಆಡಿಕೊಳ್ತಾರೆ. ಎದ್ದೆ, ಕಲ್ಲು ಸಡಿಲ ಮಾಡಿದೆ. ಅಲ್ಲಿಂದಾಚೆಗೆ ಕೂರಲಿಲ್ಲ.

ಸಾಹೇಬರು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಬಂದರು. ಮಲಗಿದ್ದವರು. ಕೈಯಲ್ಲಿ ಕೈಪಿಡಿ.

"ಏನ್ರೀ ಇದು ಸದ್ದು?"

"ನಿಮ್ಮ ಊಟ ಸಾರ್" ಅಂದಳು ನಿನ್ನ ಅಕ್ಕ.

"ಇದರಲ್ಲಿ ಸದ್ದಿಲ್ಲ ಅಂತ ಬರೆದಿದೆ."

"ಊಟ ಇದೆ ಅಂತಲೂ ಬರೆದಿದೆ. ಯಾವುದನ್ನು ಅಳಿಸಲಿ ಹೇಳಿ."

ಅವರ ಹಿಂದೆ ಅತಿಥಿಗಳೂ ಬಂದು ನೆರೆದರು. ಸಾಹೇಬರ ಅತ್ತೆ, ವಯಸ್ಸಾದವರು, ಹಿಟ್ಟು ಬೀಳೋ ಬಾಯಿಗೆ ಅಂಗೈ ಒಡ್ಡಿ, "ಬೆಚ್ಚಗಿದೆ" ಅಂದರು. ಎಷ್ಟು ಕರೆದರೂ ಆಮೇಲೆ ಕದಲಲಿಲ್ಲ. ಅಳಿಯನಿಗೆ ಅತ್ತೆಯನ್ನು ಕದಲಿಸೋ ಧೈರ್ಯ ಇಲ್ಲ, ನಮಗೆ ಎಂಜಿನ್ನು ನಿಲ್ಲಿಸೋ ಮನಸ್ಸಿಲ್ಲ. ಚೀಲಗಳೆಲ್ಲ ಮುಗಿದವು.

ಸಾಹೇಬರು ಚೆನ್ನಾಗಿ ಉಂಡರು. ಬೆಳಿಗ್ಗೆ ಕಾರು ಹತ್ತುವಾಗ, "ಗಿರಣಿ ಇರಬೇಕು, ಇಲ್ಲ ಊರು ಪಟ್ಟಿಯಲ್ಲಿರಬೇಕು. ಎರಡೂ ಆಗಲ್ಲ" ಅಂದು ಹೋದರು.

ಈಗ ನಿನಗೆ ಒಂದು ಮಾತು. ಆ ಪ್ರಾಸ ನಿನ್ನದು ಅಂತ ಮೊದಲ ದಿನವೇ ಗೊತ್ತಿತ್ತು. ಕತ್ತೆ ಅಂದದ್ದು ಗೊತ್ತಿದ್ದೇ ಅಂದದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವನು ನೀನು, ಒಂದು ಪುಟ ಬರೆದು ಮುಟ್ಟಿಕೊಂಡೆ. ಪಟ್ಟಿಯನ್ನು ಬುಡಮೇಲು ಮಾಡಿದವನೂ ನೀನೇ ಅಂತ ಗೊತ್ತು, ಅದಕ್ಕೇ ಕತ್ತೆಗಿಂತ ದೊಡ್ಡ ಬೈಗುಳಕ್ಕೆ ಹೋಗಲಿಲ್ಲ. ಬಂದ ಜನ ಮತ್ತೆ ಹೋಗಬಾರದು, ನಿನ್ನ ಕೆಲಸಕ್ಕೂ ಕುತ್ತು ಬರಬಾರದು. ಎಂಜಿನ್ನು ಕೊಟ್ಟುಬಿಡ್ತೀನಿ ಅಂತ ಗುಜರಿಯವನಿಗೆ ಹೇಳಿ ಕಳಿಸಲಾ? ಒಂದು ಸಾಲು ಬರೆ.

ನಿನ್ನ ಭಾವ


ಪ್ರವಾಸ ಕಚೇರಿ
ಮೇ ೨೯

ಭಾವಾ,

ಎಂಜಿನ್ನು ಕೊಡಬೇಡಿ. ಇದು ನೀವು ಕೇಳಿದ ಒಂದು ಸಾಲು. ಉಳಿದದ್ದು ನಿಧಾನವಾಗಿ ಓದಿ.

ನಾಲ್ಕನೇ ಸಲ ಸಾಹೇಬರ ಕೋಣೆಗೆ ಹೋದೆ. ಫ್ಯಾನಿನ ವಿಚಾರ ಎತ್ತಲಿಲ್ಲ.

"ಆ ಸಾಲು ಬರೆದದ್ದು ನಾನು ಸಾರ್" ಅಂದೆ.

"ಗೊತ್ತು. ರಜೆ ಅರ್ಜಿಯನ್ನೂ ಪ್ರಾಸದಲ್ಲಿ ಬರೆಯೋನು ಈ ಕಚೇರಿಯಲ್ಲಿ ಇನ್ಯಾರಿದ್ದಾರೆ?"

"ಅದು ತಪ್ಪು ಸಾರ್. ನಾನು ಕೊನೇ ಸಲ ಹೋದಾಗ ಊರಲ್ಲಿ ಜನ ಇರಲಿಲ್ಲ, ಅದಕ್ಕೆ ಸದ್ದಿರಲಿಲ್ಲ. ನಾನು ಅದನ್ನೇ ಚಂದ ಅಂದುಕೊಂಡೆ. ಈಗ ಜನ ಬಂದಿದ್ದಾರೆ, ಜನಕ್ಕೆ ಹಿಟ್ಟು ಬೇಕು, ಹಿಟ್ಟಿಗೆ ಗಿರಣಿ ಬೇಕು. ಗಿರಣಿ ಬೇಡ, ಹುಂಜ ಬೇಡ, ಸುತ್ತಿಗೆ ಬೇಡ ಅಂದ್ರೆ ಬಂದವರೂ ಹೋಗ್ತಾರೆ. ಆಮೇಲೆ ಊರು ಪೂರ್ತಿ ನಿಶ್ಶಬ್ದ. ನಿಮ್ಮ ಅತಿಥಿಗಳಿಗೆ ಬಾಗಿಲು ತೆಗೆಯೋಕೂ ಯಾರೂ ಇರಲ್ಲ."

ಇಷ್ಟುದ್ದ ನಾನು ಅವರೆದುರು ಇದುವರೆಗೆ ಮಾತಾಡಿರಲಿಲ್ಲ. ಅವರೂ ಗಾಬರಿಯಾದಂತಿತ್ತು. ನೀರು ಕುಡಿದರು. "ನಮ್ಮತ್ತೆಗೆ ಮುಂದಿನ ತಿಂಗಳು ಮತ್ತೆ ಅಲ್ಲಿಗೇ ಹೋಗಬೇಕಂತೆ. ಸ್ವಂತ ಗೋಧಿ ಕೊಂಡಿಟ್ಟಿದ್ದಾರೆ, ಅಲ್ಲೇ ಬೀಸಿಸ್ತಾರಂತೆ" ಅಂದರು. ಅದನ್ನು ಅವರು ನನಗೆ ಹೇಳಿದರೋ ನೀರಿನ ಲೋಟಕ್ಕೆ ಹೇಳಿದರೋ ತಿಳಿಯಲಿಲ್ಲ. ಆಮೇಲೆ, "ಅದಿರಲಿ, ಅಚ್ಚಾಗಿರೋ ಕೈಪಿಡಿಗಳನ್ನ ಏನು ಮಾಡ್ತೀಯಾ? ನಿನ್ನ ಪ್ರಾಸಕ್ಕೆ ನಾನು ಲೆಕ್ಕ ಕೊಡಬೇಕಾ?" ಅಂದರು.

ಅದರ ಶಿಕ್ಷೆಯನ್ನು ಈಗ ಅನುಭವಿಸುತ್ತಿದ್ದೇನೆ. ಒಂದು ರಬ್ಬರ್ ಸ್ಟ್ಯಾಂಪ್ ಮಾಡಿಸಿಕೊಟ್ಟಿದ್ದಾರೆ. ಪ್ರತಿ ಕೈಪಿಡಿಯ ಮೇಲೂ, ನನ್ನ ಸಾಲಿನ ಕೆಳಗೆ, ನಾನೇ ಕೈಯಾರೆ ಒತ್ತಬೇಕು: "ಬೆಳಿಗ್ಗೆ ಗಿರಣಿ ಓಡುವ ಹೊತ್ತನ್ನು ಬಿಟ್ಟು." ಪ್ರಾಸವೂ ಇಲ್ಲ, ಪ್ರಾಣವೂ ಇಲ್ಲ. 'ಗಿರಣಿಯ ಸದ್ದೊಂದು ಬಿಟ್ಟು' ಎಂದಾದರೂ ಮಾಡೋಣ ಸಾರ್, 'ಸದ್ದಿಲ್ಲ'ಕ್ಕೆ ತಾಳೆಯಾಗುತ್ತದೆ ಎಂದೆ. "ಹೊರಗೆ ಹೋಗು" ಅಂದರು. ಭುಜ ನೋಯುತ್ತಿದೆ. ಜವಾನ ಎದುರು ಕೂತು ಎಣಿಸುತ್ತಾನೆ, ಎಣಿಸುತ್ತಲೇ ನಿದ್ದೆ ಹೋಗುತ್ತಾನೆ, ಎದ್ದು ಮೊದಲಿಂದ ಎಣಿಸುತ್ತಾನೆ.

ಗಿರಣಿ ಓಡಿಸಿ ಭಾವಾ. ತುಂಬಿ ಓಡಿಸಿ.

ನಿಮ್ಮ ಕತ್ತೆ


ಪ್ರವಾಸ ಕಚೇರಿ
ಜೂನ್ ೩೦

ಭಾವನವರಿಗೆ ನಮಸ್ಕಾರ.

ನನ್ನ ಕಾಗದ ತಲುಪಿತೇ? ಉತ್ತರ ಬರಲಿಲ್ಲ. ಅಕ್ಕನ ಪೆನ್ಸಿಲ್ಲಿಗಾದರೂ ಏನಾಗಿದೆ?

ನಿಮ್ಮ ಭಾಮೈದ


ಪ್ರವಾಸ ಕಚೇರಿ
ಆಗಸ್ಟ್ ೩

ಭಾವಾ, ಅಕ್ಕಾ,

ಎರಡು ತಿಂಗಳಾಯಿತು. ಟ್ಯಾಂಕಿಗೂ ಫೋನ್ ಮಾಡಿದೆ, ಯಾರೂ ಹತ್ತುತ್ತಿಲ್ಲ. ಮೊನ್ನೆ ಇಲ್ಲಿನ ಗುಜರಿ ಅಂಗಡಿಯ ಮುಂದೆ ಹಾದು ಬರುವಾಗ ಒಂದು ಎಂಜಿನ್ನು ಕಂಡೆ. ಹಸಿರು ಬಣ್ಣದ್ದು. ನಿಮ್ಮದೂ ಹಸಿರೇ ಅಲ್ಲವೇ? ಅಂಗಡಿಯವನನ್ನು ಕೇಳಿದರೆ, "ಯಾವುದೋ ಹಳ್ಳಿದು" ಅಂದ. ಆ ರಾತ್ರಿ ಅನ್ನ ಸೇರಲಿಲ್ಲ. ಅಕ್ಕ ಹೇಳಬೇಡ ಅಂದದ್ದನ್ನು ಈಗ ಹೇಳುತ್ತಿದ್ದೇನೆ: ಆಗಸ್ಟ್ ಅಂದಿದ್ದಿರಂತೆ. ಬೇಸತ್ತು ಕೊಟ್ಟುಬಿಟ್ಟಿರಾ? ನನ್ನ ಕಾಗದ ತಲುಪುವ ಮೊದಲೇ ಕೊಟ್ಟಿರಾ?

ಮುಂದಿನ ಶನಿವಾರ ನಾನೇ ಹೊರಟು ಬರುತ್ತೇನೆ. ಬೈಯುವುದಿದ್ದರೆ ಎದುರಿಗೇ ಬೈಯಿರಿ.

ನಿಮ್ಮ ಭಾಮೈದ


ಗಿರಣಿ
ಆಗಸ್ಟ್ ೭

ಭಾಮೈದನಿಗೆ,

ಯಾರ ಎಂಜಿನ್ನೋ ನೋಡಿ ಊಟ ಬಿಟ್ಟೆಯಾ? ನಮ್ಮದು ಹಸಿರಲ್ಲ, ನೀಲಿ. ಅಷ್ಟು ವರ್ಷ ರಜೆಗೆ ಬಂದು ಅದರ ಪಕ್ಕ ಆಡಿದವನು, ಬಣ್ಣ ಮರೆತೆಯಾ?

ನಿನ್ನ ಕಾಗದಗಳೆಲ್ಲ ತಲುಪಿವೆ, ತಕ್ಕಡಿ ಪಕ್ಕ ಸಿಕ್ಕಿಸಿಟ್ಟಿದ್ದೇನೆ. ಬರೆಯೋಣ ಅಂತ ಕೂರ್ತೀನಿ, ಯಾರಾದರೂ ಚೀಲ ಇಳಿಸ್ತಾರೆ. ಇಷ್ಟು ಬರೆಯೋದರೊಳಗೆ ಎರಡು ಸಲ ಎದ್ದೆ. ಹಾಳೆ ಮೇಲಿರೋದು ಹಿಟ್ಟು, ಒರೆಸಿಕೊಂಡು ಓದು. ಪಕ್ಕದೂರಿನವನು ಮೋಟಾರು ರಿಪೇರಿ ಆಗೋವರೆಗೆ ತನ್ನ ಗಿರಾಕಿಗಳನ್ನೂ ಇಲ್ಲಿಗೇ ಕಳಿಸಿದ್ದ. ಅವನೇ ಒಂದು ಚೀಲ ತಂದು ಸರತಿಯಲ್ಲಿ ನಿಂತ. "ನುಣ್ಣಗಾ, ತರಿಯಾ?" ಅಂತ ಕೇಳಬೇಕು ಅಂತ ಎಷ್ಟೋ ದಿನದಿಂದ ಕಾದಿದ್ದೆ. ಕೇಳಿದೆ.

ಶನಿವಾರ ಬರ್ತೀನಿ ಅಂದಿದ್ದೀಯ. ಬಾ. ಆದರೆ ಕೋಣೆ ಖಾಲಿ ಇಲ್ಲ. ನಮ್ಮ ಕೋಣೆಯನ್ನೂ ನಿನ್ನ ಸಾಹೇಬರ ಅತ್ತೆ ಹಿಡಿದಿದ್ದಾರೆ, ನಾವಿಬ್ಬರೂ ಗಿರಣಿಯಲ್ಲೇ ಮಲಗ್ತಿದ್ದೀವಿ. ನಿನಗೆ ಚೀಲಗಳ ಮೇಲೆ ಜಾಗ ಮಾಡಬಹುದು, ಅದೂ ಬೀಸಿ ಮುಗಿದರೆ. ಒಂದು ವಿಷಯ ಮೊದಲೇ ಹೇಳ್ತೀನಿ, ಬೆಳಿಗ್ಗೆ

(ಪೆನ್ಸಿಲಿನಲ್ಲಿ)

ಎದ್ದು ಹೋದವರು ಇನ್ನೂ ಬಂದಿಲ್ಲ, ಯಾರದೋ ಚೀಲ ಬಂತು. ನನಗೂ ಪುರುಸೊತ್ತಿಲ್ಲ, ಇಲ್ಲಿಗೇ ಮಡಚಿ ಹಾಕ್ತೀನಿ. ಬರುವ ಮುಂಚೆ ಆ ಸ್ಟ್ಯಾಂಪ್ ಒತ್ತೋ ಕೆಲಸ ಮುಗಿಸಿಕೊಂಡು ಬಾ. ಭುಜ ಗಟ್ಟಿಯಾಗಿರುತ್ತೆ, ಹ್ಯಾಂಡಲ್ ತಿರುಗಿಸೋಕೆ ಒಬ್ಬ ಆಳು ಬೇಕು.